ಹಾಸನದ ಸಮುದಾಯ ಬಾನುಲಿಯಲ್ಲಿದ್ದೇನೆ, ಲೋಕಸಭೆಯ ಪತ್ರಿಕಾ ಗ್ಯಾಲರಿಗೆ ರೇಡಿಯೋ ವರದಿಗಾರನಾಗಿ ಹೋಗಲು ಏನು ಮಾಡಬೇಕು?

ದನಿ ಚೆನ್ನಾಗಿದೆ ಅಂತ ಎಲ್ಲರೂ ಹೇಳುತ್ತಾರೆ, ಬಾನುಲಿಯಲ್ಲಿ ಅನುಭವ ಇದೆ, ಪಾಸ್ ಒಂದು ಸಿಕ್ಕರೆ ದೆಹಲಿಗೆ ಹೊರಟೇಬಿಡುತ್ತೇನೆ ಅಂತ ಬರೆದಿದ್ದೀರಿ. ನಾನು ಹೊರಟಾಗಲೂ ಇದಕ್ಕಿಂತ ಹೆಚ್ಚಿನದೇನೂ ನನ್ನ ಕೈಯಲ್ಲಿ ಇರಲಿಲ್ಲ.

ನಾನು ಸಕಲೇಶಪುರದ ಕಡೆಯವನು. ಹಾಸನ ಆಕಾಶವಾಣಿಯಲ್ಲಿ ಕ್ಯಾಷುಯಲ್ ಅನೌನ್ಸರ್ ಆಗಿದ್ದೆ. ನನ್ನ ತಲೆಯಲ್ಲಿ ಸಂಸತ್ತು ಅಂದರೆ ದೇವೇಗೌಡರು. 1996ರ ಜೂನ್ 1ರಂದು ಅವರು ಪ್ರಧಾನಿಯಾದಾಗ, ಮುಂದಿನ ಏಪ್ರಿಲ್ 11ಕ್ಕೆ ವಿಶ್ವಾಸಮತ ಸೋತಾಗ, ನಮ್ಮ ತೋಟದ ಲೈನಿನಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳ ಮುಂದೆ, ಕೆಲಸ ಬಿಟ್ಟು ಜನ ರೇಡಿಯೋ ಸುತ್ತ ನಿಂತಿದ್ದರು. ಹೊಳೆನರಸೀಪುರದ ರಾಜಕೀಯದ ಪರ ವಿರೋಧ ಏನೇ ಇರಲಿ, ಅವತ್ತು ಎಲ್ಲರ ಕಿವಿ ದೆಹಲಿಯಲ್ಲಿತ್ತು. ಅಲ್ಲಿಂದ ಸುದ್ದಿ ಹೇಳುವವನು ನಾನಾಗಬೇಕು ಅನ್ನೋ ಹಟ ಆಗಲೇ ಹುಟ್ಟಿತು.

ಮುಂದೆ ಆಕಾಶವಾಣಿಗೆ ದನಿ ವರದಿ ಕೊಡುತ್ತಿದ್ದ ಒಂದು ಸುದ್ದಿಸಂಸ್ಥೆಯ ಕನ್ನಡ ಧ್ವನಿ ವಿಭಾಗದಲ್ಲಿ ಗುತ್ತಿಗೆ ಕೆಲಸ ಸಿಕ್ಕಿತು, ದೆಹಲಿಗೆ ಹೋದೆ. ಸಂಪಾದಕರ ಪತ್ರದ ಮೇಲೆ ಅಧಿವೇಶನದ ತಾತ್ಕಾಲಿಕ ಪಾಸ್ ಬಂತು. ಆಗ ಇನ್ನೂ ಹಳೆಯ ದುಂಡು ಕಟ್ಟಡ. ಗ್ಯಾಲರಿಗೆ ಮೊಬೈಲ್ ಇಲ್ಲ, ರೆಕಾರ್ಡರ್ ಇಲ್ಲ. ನೋಟ್‌ಬುಕ್, ಪೆನ್ನು, ಅಷ್ಟೆ. ಇದನ್ನು ನೀವು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಪತ್ರಿಕೆಯವರು ಸಂಜೆಯವರೆಗೆ ಕೂತು ಬರೆದುಕೊಂಡು ಹೋಗಿ ಟೈಪ್ ಮಾಡಬಹುದು. ರೇಡಿಯೋದವನಿಗೆ ಬುಲೆಟಿನ್ ಕಾಯುತ್ತಿರುತ್ತದೆ. ದನಿ ಕಳಿಸಬೇಕೆಂದರೆ ಅವನು ಎದ್ದು ಹೊರಗೆ ಬರಲೇಬೇಕು. ಹೊರಗೆ ಬಂದ ಕ್ಷಣದಿಂದ ಸದನದಲ್ಲಿ ಏನಾಗುತ್ತಿದೆ ಅನ್ನೋದು ಅವನಿಗೆ ಗೊತ್ತಿರುವುದಿಲ್ಲ.

ನನ್ನ ತಪ್ಪು ನಡೆದದ್ದು ಅಲ್ಲೇ. ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಸಂಸತ್ತಿನ ಇಡೀ ಪ್ರಶ್ನೋತ್ತರದ ವ್ಯವಸ್ಥೆ ಅರ್ಥವಾಗದೆ ಈ ತಪ್ಪು ಅರ್ಥವಾಗುವುದಿಲ್ಲ.

ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, 230 ಚುಕ್ಕೆ ಗುರುತಿಲ್ಲದ ಪ್ರಶ್ನೆ. ಚುಕ್ಕೆ ಗುರುತಿನದಕ್ಕೆ ಸಚಿವರು ಸದನದಲ್ಲಿ ಎದ್ದು ನಿಂತು ಬಾಯಲ್ಲಿ ಉತ್ತರ ಕೊಡಬೇಕು, ಸದಸ್ಯರು ಉಪಪ್ರಶ್ನೆ ಕೇಳಬಹುದು. ಉಳಿದವಕ್ಕೆಲ್ಲ ಲಿಖಿತ ಉತ್ತರ. ಬೆಳಿಗ್ಗೆ 11ಕ್ಕೆ ಶುರುವಾದರೆ 12ರ ಹೊತ್ತಿಗೆ ಸಾಮಾನ್ಯವಾಗಿ ಐದಾರು ಪ್ರಶ್ನೆ ಮುಗಿದಿರುತ್ತವೆ. ಮಿಕ್ಕ ಚುಕ್ಕೆ ಗುರುತಿನ ಪ್ರಶ್ನೆಗಳ ಉತ್ತರವನ್ನು ಸದನದಲ್ಲಿ ಮಂಡಿಸಲಾಗಿದೆ ಅಂತ ಲೆಕ್ಕ. ಗದ್ದಲವಾಗಿ ಕಲಾಪ ಮುಂದೂಡಿದರೂ ಹಾಗೇ. ಅಂದರೆ ಕಾಗದ ಇರುತ್ತದೆ, ಆದರೆ ಯಾರೂ ಎದ್ದಿರುವುದಿಲ್ಲ, ಯಾರೂ ಕೇಳಿರುವುದಿಲ್ಲ.

ವಿಯೆಟ್ನಾಂ ಕಾಳುಮೆಣಸು ಶ್ರೀಲಂಕಾ ದಾರಿಯಲ್ಲಿ ಒಳಗೆ ಬರುತ್ತಿದೆ ಅಂತ ನಮ್ಮ ಬೆಳೆಗಾರರು ಬೊಬ್ಬೆ ಹಾಕುತ್ತಿದ್ದ ಕಾಲ ಅದು. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ನಿಗದಿ ಮಾಡಿತಲ್ಲ, ಅದಕ್ಕೂ ಮುಂಚೆ. ಒಂದು ದಿನದ ಪಟ್ಟಿಯಲ್ಲಿ ಮೆಣಸಿನ ಆಮದಿನ ಪ್ರಶ್ನೆ ಮೇಲಿನ ನಾಲ್ಕರೊಳಗೆ ಬಂದಿತ್ತು, ಕೇಳಿದವರು ನಮ್ಮ ಭಾಗದ ಸಂಸದರು. ಮನೆಗೆ ಫೋನ್ ಮಾಡಿ "ಚಿಕ್ಕಪ್ಪಾ, ಇವತ್ತು ಮಧ್ಯಾಹ್ನದ್ದು ತಪ್ಪದೆ ಕೇಳಿ" ಅಂದೆ. "ಆಯ್ತು ಮಗಾ, ಪಕ್ಕದ ತೋಟದವರಿಗೂ ಹೇಳ್ತೀನಿ" ಅಂದರು. ಉತ್ತರದ ಪ್ರತಿ ಹಿರಿಯ ವರದಿಗಾರರೊಬ್ಬರಿಂದ ಮೊದಲೇ ಕೈಗೆ ಬಂದಿತ್ತು, ಸ್ಕ್ರಿಪ್ಟ್ ರಾತ್ರಿಯೇ ಅರ್ಧ ಬರೆದಿದ್ದೆ. ಎರಡನೇ ಪ್ರಶ್ನೆ ನಡೆಯುತ್ತಿತ್ತು, ಇನ್ನು ನಮ್ಮದು ಬಂದೇ ಬರುತ್ತದೆ ಅಂತ ಗ್ಯಾಲರಿಯಿಂದ ಎದ್ದು ಬಂದೆ.

ಆಫೀಸ್ ಕಾರು ರಫಿ ಮಾರ್ಗದ ಬದಿಯಲ್ಲಿ ನಿಂತಿತ್ತು. ಕಿಟಕಿ ಪೂರ್ತಿ ಏರಿಸಿದೆ, ಎ.ಸಿ. ಆಫ್ ಮಾಡಿಸಿದೆ. ಇಲ್ಲದಿದ್ದರೆ ಅದರ ಗುಂಯ್‌ಗುಡುವ ಸದ್ದು ದನಿಯ ಅಡಿಯಲ್ಲಿ ಕೂತುಬಿಡುತ್ತದೆ. ಮುಂಗಾರು ಅಧಿವೇಶನದ ಸೆಕೆ, ಮೂಗಿನ ತುದಿಯಿಂದ ಬೆವರು ಕಾಗದದ ಮೇಲೆ ಬೀಳುತ್ತಿತ್ತು. "ಪ್ರಶ್ನೋತ್ತರ ಅವಧಿಯಲ್ಲಿ ಸಂಸದರ ಪ್ರಶ್ನೆಗೆ ಉತ್ತರಿಸುತ್ತಾ ವಾಣಿಜ್ಯ ಸಚಿವರು ಸದನಕ್ಕೆ ತಿಳಿಸಿದರು" ಅಂತ ಒಂದೇ ಟೇಕ್‌ನಲ್ಲಿ ಓದಿದೆ, ಕಳಿಸಿದೆ. ದನಿ ಬಹಳ ಚೆನ್ನಾಗಿ ಬಂದಿತ್ತು.

ಒಳಗೆ ಆಗಿದ್ದೇನೆಂದರೆ, ಎರಡನೇ ಪ್ರಶ್ನೆ ಮುಗಿಯುವ ಮೊದಲೇ ವಿರೋಧ ಪಕ್ಷದವರು ಬಾವಿಗೆ, ಅಂದರೆ ಸಭಾಧ್ಯಕ್ಷರ ಪೀಠದ ಮುಂದಿನ ಜಾಗಕ್ಕೆ, ಇಳಿದಿದ್ದರು. ಕಲಾಪ 12ರವರೆಗೆ ಮುಂದೂಡಿತ್ತು. ಸಂಸದರು ಎದ್ದಿರಲಿಲ್ಲ, ಸಚಿವರು ಉತ್ತರಿಸಿರಲಿಲ್ಲ, ಉಪಪ್ರಶ್ನೆಯ ಮಾತೇ ಇಲ್ಲ. ನಾನು ಓದಿದ ಅಂಕಿಯೆಲ್ಲ ಮಂಡಿಸಿದ ಕಾಗದದಲ್ಲಿ ಇದ್ದಂಥವೇ. ಆದರೆ ನಡೆಯದ ಘಟನೆಯೊಂದನ್ನು ನಡೆದಿದೆ ಅಂತ ಹೇಳಿದ್ದೆ.

ಇದರಲ್ಲೇನು ಅಂಥ ದೊಡ್ಡದು ಅಂತ ನಿಮಗೆ ಅನ್ನಿಸಬಹುದು, ಆಗ ನನಗೂ ಅನ್ನಿಸಿತ್ತು. ಹಾಗಲ್ಲ. ಲಿಖಿತ ಉತ್ತರ ಅಧಿಕಾರಿಗಳು ತಿದ್ದಿ ತೀಡಿ ಕೊಟ್ಟ ಕಾಗದ. ಸಚಿವರು ನಿಜಕ್ಕೂ ಬಾಯಿಬಿಡುವುದು ಉಪಪ್ರಶ್ನೆಗೆ. ನನ್ನ ವರದಿ ಕೇಳಿದ ಬೆಳೆಗಾರರು, ನಮ್ಮ ಸಂಸದರು ಸಚಿವರನ್ನು ಎದುರಿಗೆ ನಿಲ್ಲಿಸಿ ಕೇಳಿದ್ದಾರೆ, ಕೇಂದ್ರ ಬಾಯಿಬಿಟ್ಟು ಹೇಳಿದೆ ಅಂದುಕೊಂಡರು. ಅದು ಸುಳ್ಳು ನಂಬಿಕೆ. ಮರುದಿನ ಸಂಸದರ ಕಡೆಯಿಂದಲೇ ಫೋನ್ ಬಂತು, ನಾನು ಎದ್ದೇ ಇಲ್ಲವಲ್ಲ ಅಂತ. ಸಾಲದ್ದಕ್ಕೆ, ಸಚಿವರ ಉತ್ತರ ಸದನದಲ್ಲಿ ಕೊಡುವ ಅಥವಾ ಮಂಡಿಸುವ ತನಕ ಪ್ರಕಟವಾಗುವ ಹಾಗಿಲ್ಲ ಅಂತ ಲೋಕಸಭೆಯ ನಿಯಮವೇ ಇದೆ. ಆ ಕಾಗದ ಕಾರಿನಲ್ಲಿ ನನ್ನ ತೊಡೆಯ ಮೇಲಿದ್ದಾಗ ಇನ್ನೂ ಮಂಡನೆಯಾಗಿತ್ತೋ ಇಲ್ಲವೋ ಅಂತ ನಾನು ವಿಚಾರಿಸಿಯೂ ಇರಲಿಲ್ಲ. ಕಾಯಬೇಕಾಗಿದ್ದದ್ದು ಕೆಲವೇ ನಿಮಿಷ. ಹೊರಗೆ ಬರುತ್ತಿದ್ದ ಇನ್ನೊಬ್ಬ ವರದಿಗಾರನನ್ನು "ನಮ್ಮದು ಬಂತಾ?" ಅಂತ ಕೇಳಿದ್ದರೆ ಸಾಕಿತ್ತು. ಬುಲೆಟಿನ್‌ಗೆ ನಾನೇ ಮೊದಲಾಗಬೇಕು ಅನ್ನೋ ಆತುರ ಕೇಳಗೊಡಲಿಲ್ಲ.

ಮುಂದಿನ ಅಧಿವೇಶನಕ್ಕೆ ಸಂಪಾದಕರು ಪತ್ರ ಕೊಡಲಿಲ್ಲ, ಗುತ್ತಿಗೆ ಮುಂದುವರಿಯಲಿಲ್ಲ. ಪಾಸ್ ನಮ್ಮದಲ್ಲ, ಸಂಸ್ಥೆಯದು. ಸಂಸ್ಥೆ ಕೈಬಿಟ್ಟ ದಿನ ಗ್ಯಾಲರಿಯೂ ಕೈಬಿಡುತ್ತದೆ.

ಸದನದ ಒಂದು ಪ್ರಶ್ನೆ, ಒಂದು ಉತ್ತರ ಎಷ್ಟು ಭಾರದ್ದು ಅನ್ನೋದಕ್ಕೆ ನಮ್ಮ ಪಕ್ಕದ ಜಿಲ್ಲೆಯೇ ಸಾಕ್ಷಿ. 1978ರ ನವೆಂಬರ್‌ನಲ್ಲಿ ಇಂದಿರಾ ಗಾಂಧಿ ಚಿಕ್ಕಮಗಳೂರಿನಿಂದ ಉಪಚುನಾವಣೆ ಗೆದ್ದರು, ಡಿಸೆಂಬರ್ 19ಕ್ಕೆ ಲೋಕಸಭೆ ಅವರನ್ನು ಹೊರಹಾಕಿತು. ಆರೋಪ ಹಕ್ಕುಚ್ಯುತಿಯದು, ಅಂದರೆ ಸದನದ ಹಕ್ಕಿಗೆ ಧಕ್ಕೆ ತಂದದ್ದು: ಪ್ರಧಾನಿಯಾಗಿದ್ದಾಗ, ಮಗ ಸಂಜಯ್ ಗಾಂಧಿಯ ಮಾರುತಿ ಕಂಪನಿಯ ಬಗ್ಗೆ ಸದನದಲ್ಲಿ ಕೇಳಿದ್ದ ಪ್ರಶ್ನೆಗೆ ಮಾಹಿತಿ ಸಂಗ್ರಹಿಸುತ್ತಿದ್ದ ಅಧಿಕಾರಿಗಳಿಗೆ ಅಡ್ಡಿಪಡಿಸಿದರು ಅನ್ನೋದು. 1981ರಲ್ಲಿ ಮುಂದಿನ ಲೋಕಸಭೆ ಆ ನಿರ್ಣಯವನ್ನು ರದ್ದುಮಾಡಿತು, ಅದು ಬೇರೆ ಮಾತು. ಗೆದ್ದ ಮರುತಿಂಗಳೇ ಚಿಕ್ಕಮಗಳೂರು ಸಂಸದರನ್ನು ಕಳೆದುಕೊಂಡದ್ದು ಪ್ರಶ್ನೋತ್ತರದ ವಿಷಯಕ್ಕೆ.

ವರದಿಗಾರನಿಗೂ ಇದರ ಬಿಸಿ ತಟ್ಟುತ್ತದೆ. ಸಭಾಧ್ಯಕ್ಷರು ಸದನದ ಕಡತದಿಂದ ತೆಗೆಸಿದ ಮಾತನ್ನು ಪ್ರಕಟಿಸಿದ್ದಕ್ಕೆ ಪಟನಾದ ಸರ್ಚ್‌ಲೈಟ್ ಪತ್ರಿಕೆಯ ಸಂಪಾದಕರ ಪ್ರಕರಣ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 1958ರಲ್ಲಿ ಕೋರ್ಟ್ ಶಾಸನಸಭೆಯ ಹಕ್ಕನ್ನೇ ಎತ್ತಿಹಿಡಿಯಿತು. ಕಲಾಪದ ವರದಿಗೆ ರಕ್ಷಣೆ ಕೊಡುವ ಕಾನೂನನ್ನು ಸಂಸದ ಫಿರೋಜ್ ಗಾಂಧಿ 1956ರಲ್ಲಿ ತಂದರು. ತುರ್ತು ಪರಿಸ್ಥಿತಿಯಲ್ಲಿ ಅದು ಹೋಯಿತು, 1977ರಲ್ಲಿ ಮತ್ತೆ ಬಂತು. 1978ರ 44ನೇ ತಿದ್ದುಪಡಿ ಅದನ್ನು 361ಎ ವಿಧಿಯಾಗಿ ಸಂವಿಧಾನದೊಳಕ್ಕೇ ಸೇರಿಸಿತು. ಪತ್ರಿಕೆಗೆ ಇರುವ ಆ ರಕ್ಷಣೆ ಬಾನುಲಿ ಪ್ರಸಾರಕ್ಕೂ ಇದೆ ಅಂತ ಆ ವಿಧಿಯಲ್ಲೇ ಬರೆದಿದೆ. ಆದರೆ ರಕ್ಷಣೆ ಇರುವುದು ಸಾರಾಂಶದಲ್ಲಿ ಸತ್ಯವಾದ ವರದಿಗೆ. ನನ್ನದಕ್ಕೆ ಅದು ಒದಗುತ್ತಿತ್ತೇ ಅಂತ ಇವತ್ತಿಗೂ ಧೈರ್ಯವಾಗಿ ಹೇಳಲಾರೆ.

ಇನ್ನು ನೀವು ಕೇಳಿದ ಪಾಸ್. ಪಿಐಬಿ, ಅಂದರೆ ಕೇಂದ್ರ ಸರ್ಕಾರದ ಪತ್ರಿಕಾ ಮಾಹಿತಿ ಕಚೇರಿ, ಪತ್ರಕರ್ತರಿಗೆ ಕೊಡುವ ಮಾನ್ಯತೆಗೆ 2022ರ ಮಾರ್ಗಸೂಚಿಯ ಪ್ರಕಾರ ಪೂರ್ಣಾವಧಿ ಪತ್ರಕರ್ತರಾಗಿ ಕನಿಷ್ಠ 5 ವರ್ಷದ ಅನುಭವ ಬೇಕು, ಫ್ರೀಲಾನ್ಸ್ ಆದರೆ 15 ವರ್ಷ. ಆ ಕಾರ್ಡ್ ಇದ್ದರೂ ಗ್ಯಾಲರಿಯ ಬಾಗಿಲು ತಾನಾಗಿ ತೆರೆಯುವುದಿಲ್ಲ, ಅದಕ್ಕೆ ಆಯಾ ಸದನದ ಸಚಿವಾಲಯ ಬೇರೆ ಪಾಸ್ ಕೊಡಬೇಕು. ಸಮುದಾಯ ಬಾನುಲಿಯಲ್ಲಿ ಮಾಡಿದ ಕೆಲಸ ಇಲ್ಲಿ ನೆರವಿಗೆ ಬರುತ್ತದೆ ಅಂತ ನಂಬಬೇಡಿ. ನಮ್ಮ ದೇಶದಲ್ಲಿ ರೇಡಿಯೋ ಸುದ್ದಿ ಆಕಾಶವಾಣಿಯದು ಮಾತ್ರ. ಖಾಸಗಿ ಎಫ್‌ಎಂ, ಸಮುದಾಯ ಬಾನುಲಿ ಯಾವುದೂ ತನ್ನದೇ ಸುದ್ದಿ ಓದುವ ಹಾಗಿಲ್ಲ. ಹವಾಮಾನ, ಕರೆಂಟು, ನೀರು, ಪರೀಕ್ಷೆ, ಉದ್ಯೋಗದ ಮಾಹಿತಿ ಹೇಳಬಹುದು, ಲೋಕಸಭೆಯಲ್ಲಿ ಏನಾಯಿತು ಅಂತ ಹೇಳಲಾಗದು. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಟಿವಿಗೆ ಇಲ್ಲದ ಕಟ್ಟು ತೋಟದ ಲೈನಿಗೆ, ಆದಿವಾಸಿಗಳ ಹಾಡಿಗಳಿಗೆ ತಲುಪುವ ಮಾಧ್ಯಮಕ್ಕೆ ಯಾಕೆ? ಅಮೆರಿಕದಲ್ಲೂ ಒಂದು ಕಾಲದಲ್ಲಿ ಪತ್ರಿಕೆಯವರು ರೇಡಿಯೋದವರನ್ನು ಗ್ಯಾಲರಿಯೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ, ಜಗಳಾಡಿ 1939ರಲ್ಲಿ ತಮ್ಮದೇ ಗ್ಯಾಲರಿ ಪಡೆದರು. ನಮ್ಮಲ್ಲಿ ಜಗಳವೇ ಸರಿಯಾಗಿ ಶುರುವಾಗಿಲ್ಲ.

ಹಾಗಾಗಿ ಗ್ಯಾಲರಿಗೆ ಹೋಗುವುದು ಹೇಗೆ ಅನ್ನೋ ಪ್ರಶ್ನೆಯನ್ನೇ ಸದ್ಯಕ್ಕೆ ಬಿಡಿ. ಗ್ಯಾಲರಿಯಲ್ಲಿ ಕೂತರೆ ಕ್ಯಾಮೆರಾ ತೋರಿಸದ್ದು ಕಾಣುತ್ತದೆ, ಯಾರ ಕುರ್ಚಿ ಖಾಲಿ, ಯಾರು ಯಾರ ಹತ್ತಿರ ಹೋಗಿ ಪಿಸುಗುಟ್ಟಿದರು ಅನ್ನೋದು. ಅದು ಸಣ್ಣದಲ್ಲ. ಆದರೆ ಹಾಸನಕ್ಕೆ ಬೇಕಾದ ಸುದ್ದಿ ಹೆಚ್ಚಿನದು ಆ 230 ಲಿಖಿತ ಉತ್ತರಗಳ ಅನುಬಂಧದಲ್ಲಿ ಬಿದ್ದಿರುತ್ತದೆ, ಗ್ಯಾಲರಿಯಲ್ಲಿ ಕೂತವರು ಅದನ್ನು ತೆರೆದೂ ನೋಡುವುದಿಲ್ಲ. ಅವೆಲ್ಲ ಸಂಸತ್ತಿನ ವೆಬ್‌ಸೈಟಿನಲ್ಲೇ ಸಿಗುತ್ತವೆ, ಪಾಸ್ ಬೇಕಿಲ್ಲ. ಕಲಾಪ ಸಂಸದ್ ಟಿವಿಯಲ್ಲಿ ನೇರ ಬರುತ್ತದೆ.

ಯಾವ ವಿಷಯ ಯಾವ ಸಚಿವಾಲಯಕ್ಕೆ ಸೇರಿದ್ದು ಅಂತ ಮೊದಲು ತಿಳಿದುಕೊಳ್ಳಿ. ಕಾಫಿಯನ್ನು ಕೃಷಿ ಸಚಿವಾಲಯದಲ್ಲಿ ಹುಡುಕಿ ಸುಸ್ತಾದವರನ್ನು ನೋಡಿದ್ದೇನೆ. ಕಾಫಿ ಮಂಡಳಿ ಇರುವುದು ವಾಣಿಜ್ಯ ಸಚಿವಾಲಯದ ಕೆಳಗೆ. ಆಲೂರು, ಸಕಲೇಶಪುರದ ಆನೆ ಕಾಟ ಪರಿಸರ ಸಚಿವಾಲಯಕ್ಕೆ. ಕೊಪ್ಪ, ಶೃಂಗೇರಿಯ ಅಡಿಕೆ ಹಳದಿ ಎಲೆ ರೋಗ ಕೃಷಿಗೆ. ಶಿರಾಡಿ ಘಾಟಿಯ ರಸ್ತೆ ಹೆದ್ದಾರಿ ಸಚಿವಾಲಯಕ್ಕೆ. ಚಿಕ್ಕಮಗಳೂರು ಜಿಲ್ಲೆಯನ್ನೂ ಹಿಂಬಾಲಿಸುವುದಾದರೆ ಇಬ್ಬರು ಸಂಸದರನ್ನು ನೋಡಬೇಕು, ಕಡೂರು ಹಾಸನ ಕ್ಷೇತ್ರದಲ್ಲಿದೆ, ಉಳಿದದ್ದು ಉಡುಪಿ-ಚಿಕ್ಕಮಗಳೂರಿನಲ್ಲಿ.

ಒಂದು ಉತ್ತರ ತೆಗೆದುಕೊಂಡು, ಕಣದಲ್ಲಿ ಕಾಫಿ ಹರಡುತ್ತಿರುವ ಮನುಷ್ಯ ಒಂದೇ ಸಲ ಕೇಳಿ ಅರ್ಥಮಾಡಿಕೊಳ್ಳುವ ಹಾಗೆ ಒಂದು ನಿಮಿಷಕ್ಕೆ ಬರೆಯಿರಿ, ಓದಿ ರೆಕಾರ್ಡ್ ಮಾಡಿ. ಒಂದು ವಾಕ್ಯದಲ್ಲಿ ಎರಡು ಅಂಕಿ ಬಂದರೆ ಒಂದನ್ನು ತೆಗೆಯಿರಿ. ಸದನದಲ್ಲಿ ಹೇಳಿದ್ದೋ, ಮಂಡಿಸಿದ್ದೋ ಅನ್ನೋದು ಮೊದಲ ವಾಕ್ಯದಲ್ಲೇ ಇರಲಿ. ಹೀಗೆ ಬರೆದವುಗಳ ಕಟ್ಟು ಹಿಡಿದುಕೊಂಡು ಮೊದಲು ಒಂದು ಪತ್ರಿಕೆಯ ಜಿಲ್ಲಾ ಕಚೇರಿ ಸೇರಿ, ಪೂರ್ಣಾವಧಿ ಅನುಭವದ ಲೆಕ್ಕ ಅಲ್ಲಿಂದ ಶುರುವಾಗುತ್ತದೆ. ಆಕಾಶವಾಣಿ ಜಿಲ್ಲಾ ಅರೆಕಾಲಿಕ ವರದಿಗಾರರಿಗೆ ಅರ್ಜಿ ಕರೆದಾಗ ಬಿಡಬೇಡಿ. ನಾನು ಈಗ ಹಾಸನದಲ್ಲೇ ಪತ್ರಿಕೆಗೆ ಬರೆಯುತ್ತಿದ್ದೇನೆ, ಪ್ರತಿ ಅಧಿವೇಶನದಲ್ಲೂ ಪ್ರಶ್ನೆಗಳ ಪಟ್ಟಿ ಓದುತ್ತೇನೆ. ನೀವು ಬರೆದದ್ದನ್ನು ಇಲ್ಲೇ ಹಾಕಿ, ಯಾವ ಸಾಲು ಕಿವಿಗೆ ನಿಲ್ಲುವುದಿಲ್ಲ ಅಂತ ಗುರುತು ಹಾಕಿಕೊಡುತ್ತೇನೆ.