20 ಗ್ರೇ ವಿಕಿರಣವನ್ನು 10+10 ಮಾಡಿ ಕೊಟ್ಟರೆ ಹಣ್ಣಿನ ನೊಣದ ಮೊಟ್ಟೆಗೆ ಹಾನಿ ಕಡಿಮೆಯೇ?

ಕಡಿಮೆಯಾಗಬಹುದು (ಗ್ರೇ ಎಂದರೆ ವಿಕಿರಣದ ಡೋಸ್ ಅಳೆಯುವ ಮಾನ). ಆದರೆ ನೀವು ಎಣಿಸುವುದು ಯಾವ ಹಾನಿಯನ್ನು, ಡೋಸ್ ಬಿದ್ದಾಗ ಹೆಣ್ಣಿನ ಅಂಡಾಶಯದೊಳಗೆ ಮೊಟ್ಟೆ ಯಾವ ಹಂತದಲ್ಲಿತ್ತು, ಇವೆರಡನ್ನು ಹೇಳದೆ ಉತ್ತರವಿಲ್ಲ.

ಒಂದೇ ಕಡೆ ಪೆಟ್ಟು ಬಿದ್ದರೆ ಸಾಕು ಎನ್ನುವಂಥ ಹಾನಿ ಡೋಸ್‌ಗೆ ತಕ್ಕಂತೆ ನೇರವಾಗಿ ಏರುತ್ತದೆ. ಒಡೆದು ಕೊಟ್ಟರೂ ಮೊತ್ತ ಅಷ್ಟೇ. ಎರಡು ಕ್ರೋಮೋಸೋಮ್ ಮುರಿದು ತುಂಡುಗಳು ಅದಲುಬದಲಾಗಿ ಅಂಟಿಕೊಳ್ಳುವ ಟ್ರಾನ್ಸ್‌ಲೊಕೇಶನ್ ಮಾತ್ರ ಹೆಚ್ಚುಕಡಿಮೆ ಡೋಸ್‌ನ ವರ್ಗದಂತೆ ಏರುತ್ತದೆ. 20ರ ವರ್ಗ 400. 10+10 ಆದರೆ 100+100, ಅಂದರೆ 200. ಮೊದಲ ಸಲ ಮುರಿದದ್ದು ಎರಡನೆಯದು ಬೀಳುವಷ್ಟರಲ್ಲಿ ಕೂಡಿಕೊಂಡಿದ್ದರೆ ಮಾತ್ರ ಈ ಉಳಿತಾಯ. ಬಲಿತ ವೀರ್ಯಾಣುವಿನಲ್ಲಿ ಮುರಿದ ತುದಿಗಳು ಫಲೀಕರಣದವರೆಗೂ ಹಾಗೇ ಇರುತ್ತವೆ, ಅಲ್ಲಿ ಒಡೆದು ಕೊಟ್ಟು ಲಾಭವಿಲ್ಲ. ಎಳೆಯ ಮೊಟ್ಟೆಯಲ್ಲಿ ರಿಪೇರಿ ನಡೆಯುತ್ತದೆ.

ಎಡವುವುದು ಎರಡು ಡೋಸ್‌ಗಳ ನಡುವಿನ ಅಂತರದಲ್ಲಿ. ಅಂಡಾಶಯದಲ್ಲಿ ಮೊಟ್ಟೆಗೆ 14 ಹಂತ. ಈಗಷ್ಟೇ ಹೊರಬಂದ ಹೆಣ್ಣಿನಲ್ಲಿ ಹೆಚ್ಚೆಂದರೆ 7ನೇ ಹಂತದವು ಇರುತ್ತವೆ; ಗಂಡು ಸೇರಿಸದೆ 4–5 ದಿನ ಯೀಸ್ಟ್ ತಿನ್ನಿಸಿ ಇಟ್ಟರೆ 14ನೇ ಹಂತದವು ತುಂಬಿಕೊಳ್ಳುತ್ತವೆ. ಈ ಬಲಿತವು ಬಹಳ ಸೂಕ್ಷ್ಮ, 20 ಗ್ರೇ ಬಿದ್ದರೆ ಬಹುಪಾಲು ಮರಿಯಾಗುವುದೇ ಇಲ್ಲ. ಇವತ್ತು 10 ಗ್ರೇ ತಿಂದ 7ನೇ ಹಂತದ ಮೊಟ್ಟೆ ನಾಳೆ ಮುಂದೆ ಸಾಗಿರುತ್ತದೆ, ಎರಡನೇ 10 ಹೆಚ್ಚು ಸೂಕ್ಷ್ಮವಾದದ್ದರ ಮೇಲೆ ಬೀಳುತ್ತದೆ. ಒಡೆದು ಕೊಟ್ಟದ್ದೇ ಹೆಚ್ಚು ಕೆಡುಕು ಎಂದು ಕಾಣುವುದು ಹೀಗೆ. ಆದ್ದರಿಂದ ವಿಕಿರಣವಿಲ್ಲದ ಗುಂಪಿನ ಜೊತೆಗೆ, ಪೂರ್ತಿ 20 ಗ್ರೇಯನ್ನು ಮೊದಲ ಹೊತ್ತಿಗೆ ಒಂದು ಗುಂಪಿಗೆ, ಎರಡನೇ ಹೊತ್ತಿಗೆ ಇನ್ನೊಂದು ಗುಂಪಿಗೆ ಕೊಡಿ. ಇವೆರಡೂ ಇಲ್ಲದ ಗ್ರಾಫನ್ನು ನಾನಂತೂ ನಂಬುವುದಿಲ್ಲ.

ವರ್ಜಿನ್ ಹೆಣ್ಣುಗಳನ್ನು 25 ಡಿಗ್ರಿಯಲ್ಲಿ ಹೊರಬಂದ 8 ಗಂಟೆಯೊಳಗೆ ಆರಿಸಿ. ಕೂಡಿದ ಹೆಣ್ಣು ಸೇರಿಕೊಂಡರೆ ಅದರೊಳಗೆ ಕೂಡಿಟ್ಟ ವೀರ್ಯಾಣುವಿಗೂ ಡೋಸ್ ಬಿದ್ದು ಲೆಕ್ಕ ಕಲಸಿಹೋಗುತ್ತದೆ. ಕಾರ್ಬನ್ ಡೈಆಕ್ಸೈಡ್‌ನಲ್ಲಿ ಮಂಪರಾದ ನೊಣಗಳನ್ನು ಹಾಗೇ ಗಾಮಾ ಚೇಂಬರ್‌ಗೆ ಇಡಬೇಡಿ: ಆಮ್ಲಜನಕ ಕಡಿಮೆಯಿದ್ದಷ್ಟು ಹಾನಿಯೂ ಕಡಿಮೆ ಕಾಣುತ್ತದೆ. ಚುರುಕಾಗಿ ಓಡಾಡುವವರೆಗೆ ಕಾಯಿರಿ. ಚೇಂಬರ್‌ನಲ್ಲಿ ವಿಕಿರಣ ಕೊಡುವ ಕೋಬಾಲ್ಟ್-60ರ ಬಲ ತಿಂಗಳಿಗೆ ಸುಮಾರು 1% ಇಳಿಯುತ್ತದೆ, ಎಷ್ಟು ನಿಮಿಷ ಇಡಬೇಕೆಂದು ಹಳೇ ಚೀಟಿಯಲ್ಲಿ ಬರೆದದ್ದನ್ನು ಮತ್ತೆ ಬಳಸಬೇಡಿ.

ಬೆಂಗಳೂರಿನ ಏಪ್ರಿಲ್‌ನಲ್ಲಿ ಬೆಂಚಿನ ಮೇಲೆ 30 ಡಿಗ್ರಿ ದಾಟುತ್ತದೆ, ಮೊಟ್ಟೆ ಬೆಳೆಯುವ ವೇಗವೇ ಬದಲಾಗುತ್ತದೆ. ಎರಡು ಡೋಸ್‌ಗಳ ನಡುವೆಯೂ ವಯಲ್‌ಗಳು ಇನ್‌ಕ್ಯುಬೇಟರ್‌ನಲ್ಲೇ ಇರಲಿ. ಆಹಾರಕ್ಕೆ ನಮ್ಮ ಕಡೆಯ ರವೆ-ಬೆಲ್ಲ-ಅಗರ್ ಸಾಕು, ಮೇಲೆ ಯೀಸ್ಟ್. ಮರಿ ಹೊರಬರಲು 25 ಡಿಗ್ರಿಯಲ್ಲಿ ಸುಮಾರು ಒಂದು ದಿನ ಬೇಕು, ಎಣಿಕೆ 48 ಗಂಟೆಗೆ ಮಾಡಿ. ಬಿಳಿಯಾಗೇ ಉಳಿದ ಮೊಟ್ಟೆ ಫಲಿಸಿಲ್ಲವೋ ಬೇಗ ಸತ್ತಿತೋ ಬರಿಗಣ್ಣಿಗೆ ತಿಳಿಯದು. ಒಂದು ಮರಿಯನ್ನೂ ಕೊಡದ ಹೆಣ್ಣಿನ ಹೊಟ್ಟೆ ಸೀಳಿ ವೀರ್ಯಾಣು ಇದೆಯೇ ನೋಡಿ, ಇಲ್ಲದಿದ್ದರೆ ಲೆಕ್ಕದಿಂದ ಕೈಬಿಡಿ.