ಊದಿದ ಇಂಪ್ಲಾಂಟ್‌ಗೆ ಶಾಖ ಬೇಡ ಅಕ್ಕಾ

ಅಕ್ಕಾ, ಕ್ಯಾನ್ಸರ್ ಆಪರೇಷನ್ ಆದಮೇಲೆ ಹಾಕಿಸಿದ ಸ್ತನದ ಇಂಪ್ಲಾಂಟ್‌ಗೆ 9 ವರ್ಷ ಆಯ್ತು, ಈಗ ಆ ಕಡೆ ಊದಿದೆ, ತಾರಸಿಯಲ್ಲಿ ಗಿಡ ಬೆಳೆಸುವ ಗ್ರೋ ಬ್ಯಾಗ್ ಎತ್ತಿದ್ದಕ್ಕೆ ಇರಬಹುದಾ, ಶಾಖ ಕೊಡಲಾ ಅಂತ ಕೇಳಿದ್ದೀರಿ. ನಾನು ಸರ್ಜರಿ ವಾರ್ಡಿನಲ್ಲಿ ನರ್ಸ್ ಆಗಿದ್ದವಳು, ಅದಕ್ಕೇ ಬರೆಯುತ್ತಿದ್ದೇನೆ.

ಶಾಖ ಖಂಡಿತ ಬೇಡ. ಸ್ತನ ತೆಗೆದ ಜಾಗದಲ್ಲಿ ನರಗಳು ಕತ್ತರಿಸಿ ಹೋಗಿರುತ್ತವೆ. ಬಿಸಿ ಎಷ್ಟಿದೆ ಅಂತ ಚರ್ಮಕ್ಕೆ ಗೊತ್ತಾಗುವುದಿಲ್ಲ, ಸುಟ್ಟು ಬೊಬ್ಬೆ ಬಂದಮೇಲೇ ತಿಳಿಯುತ್ತದೆ.

ಭಾರ ಎತ್ತಿದ ನೋವಾದರೆ ಕೆಲವು ದಿನದಲ್ಲಿ ಇಳಿಯಬೇಕು. ಇಷ್ಟು ವರ್ಷ ಸುಮ್ಮನಿದ್ದ ಕಡೆ ಊದಿದರೆ ಒಳಗೆ ನೀರು ತುಂಬಿದೆಯಾ ಅಂತ ಅಲ್ಟ್ರಾಸೌಂಡ್‌ನಲ್ಲಿ ನೋಡಿಸಲೇಬೇಕು. ನೀರು ಇದ್ದರೆ ಸೂಜಿಯಿಂದ ತೆಗೆದು ಚೆಲ್ಲಿಬಿಡಬಾರದು. ಅದನ್ನು ಲ್ಯಾಬಿಗೆ ಕಳಿಸಿ, ಸಿಡಿ30 ಪರೀಕ್ಷೆಯನ್ನೂ (ಒಂದು ಬಗೆಯ ಕ್ಯಾನ್ಸರ್ ಕಣ ಇದೆಯಾ ಅಂತ ನೋಡುವ ಪರೀಕ್ಷೆ) ಮಾಡಿಸಿ ಅಂತ ನೀವೇ ಬಾಯಿಬಿಟ್ಟು ಕೇಳಿ. ಹೊರಮೈ ತರಿತರಿಯಾಗಿರುವ ಇಂಪ್ಲಾಂಟ್‌ಗಳ ಸುತ್ತ, ಅಪರೂಪಕ್ಕೆ, ಒಂದು ಬಗೆಯ ಲಿಂಫೋಮಾ, ಅಂದರೆ ರೋಗನಿರೋಧಕ ಕಣಗಳ ಕ್ಯಾನ್ಸರ್, ಬರುತ್ತದೆ. ಅದು ಮೊದಲು ಕಾಣಿಸಿಕೊಳ್ಳುವುದು ಹೆಚ್ಚಾಗಿ ಹೀಗೆಯೇ, ವರ್ಷಗಳಾದ ಮೇಲೆ. ಅದೇ ಕಾರಣಕ್ಕೆ 2019ರಲ್ಲಿ ಅಲರ್ಗನ್ ಕಂಪನಿ ತನ್ನ ಬಯೋಸೆಲ್ ಇಂಪ್ಲಾಂಟ್‌ಗಳನ್ನು ಎಲ್ಲ ದೇಶಗಳಿಂದ ವಾಪಸ್ ತೆಗೆದುಕೊಂಡಿತು. ಹೆದರಬೇಡಿ, ಬೇಗ ಸಿಕ್ಕರೆ ಇಂಪ್ಲಾಂಟನ್ನೂ ಅದರ ಸುತ್ತಲಿನ ಪೊರೆಯನ್ನೂ ಪೂರ್ತಿ ತೆಗೆದರೆ ಬಹಳಷ್ಟು ಜನರಿಗೆ ಗುಣವಾಗುತ್ತದೆ. ನಿಮ್ಮದು ಇದೇ ಅಂತ ನಾನು ಹೇಳುತ್ತಿಲ್ಲ. ಆದರೆ ಇದಲ್ಲ ಅಂತ ಖಾತ್ರಿಯಾಗಬೇಕು, ಅಲ್ವಾ?

ಮುಟ್ಟಿದರೆ ಗಟ್ಟಿಯಾಗಿ, ಮೇಲೆ ಎಳೆದಂತೆ ಇದ್ದರೆ ಪೊರೆ ಬಿಗಿದುಕೊಂಡಿರಬಹುದು. ಇದು ಜಾಸ್ತಿ ಕಾಣುವ ತೊಂದರೆ. ಉಪ್ಪುನೀರಿನ ಇಂಪ್ಲಾಂಟ್ ಒಡೆದರೆ ಬೇಗ ಕುಗ್ಗಿ ಗೊತ್ತಾಗುತ್ತದೆ. ಸಿಲಿಕೋನ್ ಒಡೆದರೆ ಹೊರಗೆ ಏನೂ ಕಾಣದೆಯೂ ಇರಬಹುದು. ಅದಕ್ಕೇ 5-6 ವರ್ಷಕ್ಕೆ ಮೊದಲ ಸಲ, ಆಮೇಲೆ 2-3 ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಇಲ್ಲವೇ ಎಂಆರ್‌ಐ ಮಾಡಿಸಿ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೇಳುತ್ತದೆ.

ಆಪರೇಷನ್ ಆದಾಗ ಕೊಟ್ಟ ಇಂಪ್ಲಾಂಟ್ ಕಾರ್ಡ್ ಹುಡುಕಿ. ಕಂಪನಿ, ಮಾಡೆಲ್ ಅದರಲ್ಲಿರುತ್ತದೆ. ಕಾರ್ಡ್ ಸಿಗದಿದ್ದರೆ ಆ ಆಸ್ಪತ್ರೆಯ ರೆಕಾರ್ಡ್ ವಿಭಾಗದಲ್ಲಿ ಕೇಳಿ. ಹಳೆಯ ಡಾಕ್ಟರ್ ಸಿಗದಿದ್ದರೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ ತೋರಿಸಿ. ಈ ವಾರವೇ ಹೋಗಿ, ತಳ್ಳಬೇಡಿ. ಜ್ವರ ಬಂದರೆ, ಚರ್ಮ ಕೆಂಪಾಗಿ ಬಿಸಿಯಾದರೆ, ಕೀವು ಸೋರಿದರೆ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಅವತ್ತೇ ಎಮರ್ಜೆನ್ಸಿಗೆ ಹೋಗಿ.