ಸಂಪಾದಕರ ಉತ್ತರ: ಕಾಲುಸಂಕಕ್ಕೆ ಮಾಡು ಬೇಕೆ?

ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ಕೇಳಿದ್ದಾರೆ: ‘ಅಮೆರಿಕದ ಬ್ಲೆನ್‌ಹೈಮ್‌ನಲ್ಲಿ ಮಾಡು ಹೊದಿಸಿದ್ದ ಮರದ ಸೇತುವೆ ನೂರೈವತ್ತು ವರ್ಷ ದಾಟಿ ಬಾಳಿತ್ತಂತೆ. ನಮ್ಮ ಹಳ್ಳದ ಕಾಲುಸಂಕ ಮೂರು ಮಳೆಗಾಲ ತಡೆಯುವುದಿಲ್ಲ. ನಾವೂ ಮಾಡು ಹಾಕೋಣವೇ?’

ಮಾನ್ಯರೇ,

ಆ ಸೇತುವೆಯನ್ನು 1855ರಲ್ಲಿ ನ್ಯೂಯಾರ್ಕ್ ರಾಜ್ಯದ ಸ್ಕೊಹೇರಿ ಹೊಳೆಗೆ ಕಟ್ಟಿದವರು ನಿಕೋಲಸ್ ಪವರ್ಸ್. ನಡುವೆ ಕಂಬವೇ ಇಲ್ಲದ 210 ಅಡಿಯ ಹರವು. ಎರಡು ಗಾಡಿದಾರಿ, ಮೂರು ಮರದ ಚೌಕಟ್ಟು. ನಡುವಿನ ಚೌಕಟ್ಟಿನಲ್ಲಿ ಮಾಡಿನ ನೆತ್ತಿಯವರೆಗೆ ಏರಿದ ಕಮಾನು. ಎಂಥ ಬಡಗಿ ಕೆಲಸ!

ಮಾಡು ಹಾಕಿದ್ದು ಹಿಮಕ್ಕೆಂದು ಹಲವರು ತಿಳಿದಿದ್ದಾರೆ. ಅಲ್ಲ. ಚಳಿಗಾಲದಲ್ಲಿ ಜಾರುಬಂಡಿ ಸಾಗಲೆಂದು ಅಂಥ ಸೇತುವೆಗಳೊಳಗೆ ಹಿಮವನ್ನು ತಂದು ಹರಡಬೇಕಾಗುತ್ತಿತ್ತು. ಮಾಡು ಕಾಯುತ್ತಿದ್ದದ್ದು ಕೀಲುಗಳನ್ನು. ತೊಲೆಗೆ ತೊಲೆ ಕೂಡುವಲ್ಲಿ ಇಳಿದ ನೀರು ಬೇಗ ಆರದು, ಕೊಳೆ ಅಲ್ಲಿಂದಲೇ ಶುರು. ತೇವ ಒಣಮರದ ತೂಕದ ಶೇ 20ರೊಳಗಿದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯುವುದಿಲ್ಲ.

ಅದು ಹಾಳಾದದ್ದು ಕೊಳೆತು ಅಲ್ಲ. 2011ರ ಆಗಸ್ಟ್ 28ರಂದು ಐರೀನ್ ಚಂಡಮಾರುತದ ಮಳೆಗೆ ಹೊಳೆ ಉಕ್ಕಿ ಸೇತುವೆಯನ್ನೇ ಕಿತ್ತೊಯ್ದಿತು. ನೆರೆ ಅಷ್ಟು ಎತ್ತರಕ್ಕೆ ಬಂದ ಮೇಲೆ ಪಕ್ಕದ ಹಲಗೆಗೋಡೆ ನೀರಿಗೆ ಅಡ್ಡ ನಿಂತು ಒತ್ತಡ ಹೆಚ್ಚಿಸುತ್ತದೆಯೇ ಹೊರತು ಕಾಪಾಡುವುದಿಲ್ಲ. 2018ರಲ್ಲಿ ಮರುನಿರ್ಮಿಸಿದಾಗ ಮೊದಲಿಗಿಂತ ಮೇಲಕ್ಕೆ ಏರಿಸಿದರು.

ನಮ್ಮ ಮಲೆನಾಡಿನ ಲೆಕ್ಕ ಬೇರೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆ. ಗಾಳಿಯ ಆರ್ದ್ರತೆ ವಾರಗಟ್ಟಲೆ ಶೇ 90ರ ಸುಮಾರಿಗೆ ನಿಂತರೆ ಮಾಡಿನಡಿಯ ಮರವೂ ಆ ಶೇ 20ರ ಅಂಚಿಗೆ ಬರುತ್ತದೆ, ಇರಚಲು ಬೇರೆ. ಎರಡು ಮರದ ಮೇಲೆ ನಿಂತ ಹದಿನೈದಡಿಯ ಸಂಕಕ್ಕೆ ಮಾಡಿನ ಭಾರ, ಗಾಳಿಯ ಹೊಡೆತ ಎರಡೂ ಹೆಚ್ಚು. ಹಾಗಾಗಿ ಮಾಡು ಬೇಡ.

ಖರ್ಚು ತೊಲೆಗೆ ಮಾಡಿ. ಅಡಿಕೆ ಮರದ ತಿರುಳು ಮೆದು, ನೀರು ಹೀರುತ್ತದೆ. ಅದನ್ನು ದಬ್ಬೆ ಮಾಡಿ ಮೇಲೆ ಹಾಸಲು ಮಾತ್ರ ಬಳಸಿ, ಎರಡು ವರ್ಷಕ್ಕೊಮ್ಮೆ ಬದಲಿಸಿ. ತೊಲೆಗೆ ಕೆಚ್ಚಿರುವ ಮತ್ತಿ ಅಥವಾ ಬೋಗಿ. ತೊಗಟೆ ಮತ್ತು ಹೊರಗಿನ ಬಿಳಿಮರ ಕೆತ್ತಿ ತೆಗೆಯಿರಿ. ತುದಿಗಳನ್ನು ಮಣ್ಣಲ್ಲಿ ಹೂಳಲೇಬೇಡಿ, ಮೊದಲು ಕೊಳೆಯುವುದು ಅಲ್ಲೇ. ಕಲ್ಲುಕಟ್ಟೆಯ ಮೇಲೆ ಚಪ್ಪಟೆ ಕಲ್ಲಿಟ್ಟು, ಸುತ್ತ ಎರಡು ಅಂಗುಲ ಗಾಳಿಯಾಡುವಂತೆ ಕೂರಿಸಿ. ದಬ್ಬೆಗಳ ನಡುವೆ ಅರ್ಧ ಅಂಗುಲ ಸಂದಿರಲಿ. ತೊಲೆಯ ನೆತ್ತಿಗೆ ಮೊಳೆ ಹೊಡೆದರೆ ಆ ತೂತಿನಿಂದ ನೀರಿಳಿಯುತ್ತದೆ, ಹಗ್ಗದಲ್ಲಿ ಬಿಗಿಯಿರಿ.

ದಡದ ಮರಗಳಲ್ಲಿ ಕಸಕಡ್ಡಿ ಸಿಕ್ಕಿಕೊಂಡ ಎತ್ತರವೇ ಹಿಂದಿನ ನೆರೆಯ ಗುರುತು. ತೊಲೆಯ ತಳ ಅದಕ್ಕಿಂತ ಮೂರಡಿ ಮೇಲಿರಲಿ. ಅಷ್ಟು ಏರಿಸಲಾಗದ ಕಡೆ, ಪ್ರತಿ ತೊಲೆಯ ಒಂದೇ ತುದಿಯನ್ನು ಸರಪಳಿಯಿಂದ ದಡದ ಗಟ್ಟಿ ಮರಕ್ಕೆ ಕಟ್ಟಿ, ಇನ್ನೊಂದನ್ನು ಬಿಡಿಯಾಗಿ ಇಡಿ. ನೆರೆ ಎತ್ತಿದರೆ ತೊಲೆ ತಿರುಗಿ ದಡಕ್ಕೆ ಬಂದು ನಿಲ್ಲುತ್ತದೆ. ನೀರಿಳಿದ ಮೇಲೆ ಎಳೆದು ಮತ್ತೆ ಕೂರಿಸಬಹುದು.

– ಸಂಪಾದಕ